ದೀಪ ಒಂದು, ಹೆಸರು ಮೂರು: ವಾರ್ಮಿನ್‌ಸ್ಟರ್ ಐತಿಹ್ಯಗಳ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ನಮ್ಮ ಪಠ್ಯಕ್ರಮದ ಜಾನಪದ ಪತ್ರಿಕೆಯ ಐತಿಹ್ಯ ಘಟಕದಲ್ಲಿ ಇಂಗ್ಲೆಂಡಿನ ವಾರ್ಮಿನ್‌ಸ್ಟರ್ ಪಟ್ಟಣದ ಹಾರುವ ತಟ್ಟೆಗಳ ಪ್ರಕರಣವನ್ನು ವಿಶ್ಲೇಷಿಸಿ ಬರೆಯಬೇಕಾಗಿತ್ತು. ನಾನು ನಾಲ್ಕು ಪುಟ ಬರೆದು ಒಪ್ಪಿಸಿದೆ. ಅಧ್ಯಾಪಕರು ಅದನ್ನು ಹಿಂದಿರುಗಿಸಿದಾಗ ಅದರ ಅಂಚಿನಲ್ಲಿ, ಒಂದೇ ಕಡೆ ಅಲ್ಲ, ಐದು ಕಡೆ, ಕೆಂಪು ಶಾಯಿಯಲ್ಲಿ ಒಂದೇ ಪದವಿತ್ತು: 'ಯಾರಿಗೆ?' ಆ ಪದದ ಅರ್ಥ ಹೊಳೆಯಲು ನನಗೆ ಎರಡು ವಾರ ಬೇಕಾಯಿತು. ಹೊಳೆದದ್ದು ಮತ್ತೆ ಜಾರಿಹೋಗುವ ಮೊದಲು ಬರೆದಿಟ್ಟುಕೊಳ್ಳಬೇಕೆಂದೂ, ಇದೇ ಘಟಕದಲ್ಲಿ ಎಡವುತ್ತಿರುವ ಇತರರಿಗೆ ನೆರವಾದೀತೆಂದೂ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಐತಿಹ್ಯ ಎಂದರೆ ಒಂದು ಜಾಗಕ್ಕೋ ವ್ಯಕ್ತಿಗೋ ಅಂಟಿಕೊಂಡು, ನಿಜವಾಗಿ ನಡೆದದ್ದೆಂಬಂತೆ ಜನ ಹೇಳುವ ಕಥೆ; ಪುರಾಣ, ಜನಪದ ಕಥೆಗಳಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ವಿವರಿಸುವುದಿಲ್ಲ.

ಊರು ಮತ್ತು ಗುಡ್ಡ

ವಾರ್ಮಿನ್‌ಸ್ಟರ್ ಇರುವುದು ಇಂಗ್ಲೆಂಡಿನ ನೈರುತ್ಯ ಭಾಗದ ವಿಲ್ಟ್‌ಶೈರ್ ಕೌಂಟಿಯಲ್ಲಿ, ಸಾಲಿಸ್‌ಬರಿ ಬಯಲಿನ ಪಶ್ಚಿಮ ಅಂಚಿನಲ್ಲಿ. ಈ ಬಯಲಿನ ಜಮೀನನ್ನು ಬ್ರಿಟಿಷ್ ಸೇನೆ 1897ರಿಂದ ಕೊಳ್ಳುತ್ತ ಬಂದಿತು. ಇಂದು ಅದು ಬ್ರಿಟನ್ನಿನ ಅತಿ ದೊಡ್ಡ ಸೇನಾ ತರಬೇತಿ ಪ್ರದೇಶ. ವಿಸ್ತೀರ್ಣ ಸುಮಾರು 390 ಚದರ ಕಿಲೋಮೀಟರ್. ವಾರ್ಮಿನ್‌ಸ್ಟರ್‌ನಲ್ಲಿಯೇ ಪದಾತಿ ದಳದ ತರಬೇತಿ ಶಾಲೆಯಿತ್ತು. ಪಟ್ಟಣದಿಂದ ಬಯಲಿನ ಒಳಕ್ಕೆ ಹೋದರೆ ಇಂಬರ್ ಎಂಬ ಹಳ್ಳಿ ಸಿಗುತ್ತದೆ. 1943ರ ಡಿಸೆಂಬರ್‌ನಲ್ಲಿ, ಅಮೆರಿಕದ ಪಡೆಗಳ ಯುದ್ಧಾಭ್ಯಾಸಕ್ಕಾಗಿ ಅಲ್ಲಿನ ಜನರನ್ನು ಒಕ್ಕಲೆಬ್ಬಿಸಲಾಯಿತು. ಯುದ್ಧ ಮುಗಿದ ಮೇಲೂ ಅವರಿಗೆ ಹಿಂದಿರುಗುವ ಅವಕಾಶ ಸಿಗಲಿಲ್ಲ. ಅಂದರೆ, ಈ ಪಟ್ಟಣದವರಿಗೆ ರಾತ್ರಿ ದೂರದಲ್ಲಿ ಬೆಳಕು ಕಾಣುವುದು, ಗುಡುಗಿನಂಥ ಸದ್ದು ಕೇಳುವುದು ಹೊಸದೇನಲ್ಲ. ಬೆಟ್ಟದಾಚೆ ಕಾಲಿಡಲು ಅನುಮತಿಯಿಲ್ಲದ ಒಂದು ಸೀಮೆಯಿದೆ ಎಂಬುದೂ ಅವರಿಗೆ ಮೊದಲಿನಿಂದ ಗೊತ್ತು. ಉತ್ತರ ಬರೆಯುವಾಗ ಈ ಹಿನ್ನೆಲೆಯನ್ನು ಬಿಡಬಾರದು. ನಾನು ಬಿಟ್ಟಿದ್ದೆ.

ಪಟ್ಟಣದ ಪಶ್ಚಿಮಕ್ಕೆ ಕ್ಲೇ ಹಿಲ್ ಎಂಬ ಸುಣ್ಣಕಲ್ಲಿನ ಗುಡ್ಡವಿದೆ. ಎತ್ತರ 244 ಮೀಟರ್. ನೆತ್ತಿಯ ಮೇಲೆ ಕಬ್ಬಿಣ ಯುಗದ ಕೋಟೆಯ ಮಣ್ಣುಗೋಡೆಗಳೂ, ಅದಕ್ಕಿಂತ ಹಳೆಯ ಸಮಾಧಿ ದಿಬ್ಬಗಳೂ ಇವೆ. ಸಾಲಾಗಿ ಹಬ್ಬಿರುವ ಬೆಟ್ಟಗಳಿಂದ ಕಳಚಿಕೊಂಡು ಇದೊಂದೇ ಬೇರೆಯಾಗಿ ನಿಂತಿರುವುದು ನೋಡಿದವರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಇದು ಏಕೆ ಒಂಟಿಯಾಯಿತು ಎಂಬ ಪ್ರಶ್ನೆಗೆ ಭೂವಿಜ್ಞಾನ ಕೊಡುವ ಉತ್ತರ ಸವೆತ: ನಡುವಿನ ಮೆದುಕಲ್ಲು ಕೊಚ್ಚಿಹೋಗಿ ಈ ತುಣುಕು ಉಳಿಯಿತು. ಅದೇ ಪ್ರಶ್ನೆಗೆ ಊರಿನವರು ಕೊಟ್ಟ ಉತ್ತರ ಹೀಗಿದೆ. ಡಿವೈಜಸ್ ಪಟ್ಟಣದವರ ಮೇಲೆ ಸೈತಾನನಿಗೆ ಸಿಟ್ಟು ಬಂದಿತ್ತು. ಅವರನ್ನು ಹೂತುಹಾಕಬೇಕೆಂದು ಒಂದು ದೊಡ್ಡ ಮಣ್ಣಿನ ಗುಡ್ಡೆಯನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ ಅವನಿಗೆ ವಾರ್ಮಿನ್‌ಸ್ಟರ್ ಸಮೀಪ ಒಬ್ಬ ಮುದುಕ ಎದುರಾದ. ಡಿವೈಜಸ್ ಇನ್ನೆಷ್ಟು ದೂರ ಎಂದು ಸೈತಾನ ಕೇಳಿದ. ಮುದುಕ ತನ್ನ ಗಡ್ಡವನ್ನು ತೋರಿಸಿ, ನಾನೂ ಅಲ್ಲಿಗೇ ಹೊರಟವನು, ಹೊರಟಾಗ ಈ ಗಡ್ಡ ಕಪ್ಪಗಿತ್ತು, ಈಗ ನೆರೆತಿದೆ, ಊರು ಮಾತ್ರ ಇನ್ನೂ ಸಿಕ್ಕಿಲ್ಲ ಎಂದ. ಸೈತಾನನಿಗೆ ಜಂಘಾಬಲವೇ ಉಡುಗಿ, ಹೊತ್ತ ಮಣ್ಣನ್ನು ಅಲ್ಲಿಯೇ ಕುಕ್ಕಿ ಹೋದ. ಅದೇ ಕ್ಲೇ ಹಿಲ್. ನಕ್ಷೆಯಲ್ಲಿ ನೋಡಿದರೆ ಡಿವೈಜಸ್ ಅಲ್ಲಿಂದ 25 ಕಿಲೋಮೀಟರ್ ಆಸುಪಾಸಿನಲ್ಲಿದೆ. ಮುದುಕನ ಜಾಣತನದ ಅಳತೆ ಸಿಗುವುದು ಆಗಲೇ.

ಇದು ಸ್ಥಳ ಐತಿಹ್ಯವೂ ಹೌದು, ಸಂಚಾರಿ ಐತಿಹ್ಯವೂ ಹೌದು. ಶ್ರಾಪ್‌ಶೈರ್‌ನ ರೀಕಿನ್ ಬೆಟ್ಟಕ್ಕೂ ಇದೇ ಕಥೆಯಿದೆ: ಅಲ್ಲಿ ಮಣ್ಣು ಹೊತ್ತವನು ಒಬ್ಬ ದೈತ್ಯ, ಅವನ ಗುರಿ ಶ್ರೂಸ್‌ಬರಿ ಪಟ್ಟಣ, ಎದುರಾಗುವವನು ಸವೆದ ಜೋಡುಗಳ ಮೂಟೆ ಹೊತ್ತ ಚಮ್ಮಾರ. ಇಷ್ಟು ಜೋಡು ಸವೆಸಿಕೊಂಡು ಬಂದಿದ್ದೇನೆ ಎಂದು ಅವನು ಮೂಟೆ ಬಿಚ್ಚಿ ತೋರಿಸುತ್ತಾನೆ. ಚೌಕಟ್ಟು ಊರಿಂದೂರಿಗೆ ನಡೆಯುತ್ತದೆ, ಹೆಸರುಗಳು ಆಯಾ ಊರಿನವು. ಈ ಅಂಶ ಪರೀಕ್ಷೆಗೆ ಸುಲಭವಾಗಿ ಬರುತ್ತದೆ. ನನಗೆ ಇದರಲ್ಲಿ ತೊಡಕಾಗಲಿಲ್ಲ. ಕ್ಲೇ ಹಿಲ್‌ನ ಮೇಲಿನ ದಿಬ್ಬದಲ್ಲಿ ಪಕ್ಕದ ಬಗ್ಲಿಯ ಜನರನ್ನು ಕಾಯುವ ಒಂದು ಆತ್ಮವಿದೆ ಎಂಬ ನಂಬಿಕೆಯೂ, ಗರಿಗಳ ಭಾನುವಾರದಂದು (ಈಸ್ಟರ್‌ಗೆ ಹಿಂದಿನ ಭಾನುವಾರ) ಗುಡ್ಡ ಹತ್ತಿ ಹುಲ್ಲಿಗೆ ಬೆಂಕಿಯಿಟ್ಟು ಸೈತಾನನನ್ನು ಸುಟ್ಟೋಡಿಸುವ ರೂಢಿಯೂ ದಾಖಲಾಗಿವೆ. ರಾತ್ರಿ ಜನ ಗುಡ್ಡ ಹತ್ತಿ ಆಕಾಶ ನೋಡತೊಡಗಿದ್ದು 1965ರಲ್ಲಿ ಇರಬಹುದು. ಆದರೆ ಆ ಗುಡ್ಡದ ಮೇಲೆ ಏನೋ ಇದೆ ಎಂಬ ಮಾತಿಗೆ ಅದಕ್ಕಿಂತ ಬಹಳ ವಯಸ್ಸಾಗಿತ್ತು.

1964ರ ಕ್ರಿಸ್‌ಮಸ್

ಪ್ರಕರಣ ಆರಂಭವಾದದ್ದು ಬೆಳಕಿನಿಂದಲ್ಲ, ಸದ್ದಿನಿಂದ. 1964ರ ಡಿಸೆಂಬರ್ 25ರ ಬೆಳಗಿನ ಜಾವ ಚರ್ಚಿಗೆ ನಡೆದುಹೋಗುತ್ತಿದ್ದ ಒಬ್ಬ ಮಹಿಳೆಗೆ ತಲೆಯ ಮೇಲಿನಿಂದ ಚಟಪಟ ಎಂಬ ಸದ್ದು ಕೇಳಿತೆಂದೂ, ಅದರ ಒತ್ತಡಕ್ಕೆ ಮೈ ಬಗ್ಗಿದಂತಾಯಿತೆಂದೂ ವರದಿಯಾಯಿತು. ಅಂದೇ ಬೆಳಗ್ಗೆ ಸಮೀಪದ ನುಕ್ ಸೇನಾ ಶಿಬಿರದ ಸೈನಿಕರು, ಹೊಗೆಗೂಡನ್ನೇ ಕಿತ್ತು ಶಿಬಿರದ ಮೇಲೆ ಚೆಲ್ಲಿದಂಥ ಸದ್ದಿಗೆ ಎಚ್ಚರಗೊಂಡರೆಂಬ ಸುದ್ದಿ ಬಂತು. ಛಾವಣಿಯ ಹೆಂಚುಗಳು ಗಡಗಡ ಅಲುಗಿದವೆಂದು ಮತ್ತೊಬ್ಬರು ಹೇಳಿದರು. ಯಾರೂ ಏನನ್ನೂ ಕಂಡಿರಲಿಲ್ಲವಾದ್ದರಿಂದ ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲ. ಜನ ಅದನ್ನು ಬರಿದೇ 'ದಿ ಥಿಂಗ್' ಎಂದರು. ಕನ್ನಡದಲ್ಲಿ ನಾವು ಹೆಸರೆತ್ತಲು ಹಿಂಜರಿದು 'ಅದು' ಎನ್ನುತ್ತೇವಲ್ಲ, ಹಾಗೆ.

ಸ್ಥಳೀಯ ಪತ್ರಿಕೆ ವಾರ್ಮಿನ್‌ಸ್ಟರ್ ಜರ್ನಲ್‌ನ ಪತ್ರಕರ್ತ ಆರ್ಥರ್ ಶಟಲ್‌ವುಡ್ ಈ ವರದಿಗಳನ್ನು ಸಂಗ್ರಹಿಸಿ ಪ್ರಕಟಿಸುತ್ತ ಹೋದರು. 1965ರ ಬೇಸಿಗೆಯ ವೇಳೆಗೆ ಸದ್ದು ಹಿಂದೆ ಸರಿದು ಬೆಳಕುಗಳು, ಚುಟ್ಟಾದ ಆಕಾರದ ವಸ್ತುಗಳು ಮುಂದೆ ಬಂದವು. ಆ ವರ್ಷದ ಆಗಸ್ಟ್ 27ರಂದು ಪುರಭವನದಲ್ಲಿ ಸಾರ್ವಜನಿಕ ಸಭೆ ನಡೆಯಿತು. ಪತ್ರಿಕೆಗಳವರೂ ಟಿವಿಯವರೂ ಬಂದರು. ಬ್ಯಾಂಕ್ ರಜೆಯ (ಬ್ರಿಟನ್ನಿನ ಸಾರ್ವಜನಿಕ ರಜೆ) ಆ ವಾರಾಂತ್ಯದಲ್ಲಿ ಪಟ್ಟಣ ಹೊರಗಿನವರಿಂದ ತುಂಬಿಹೋಯಿತು. ಸೆಪ್ಟೆಂಬರ್‌ನಲ್ಲಿ ಡೈಲಿ ಮಿರರ್ ಪತ್ರಿಕೆ ಊರಿನ ಯುವಕನೊಬ್ಬ ತೆಗೆದ ಹಾರುವ ತಟ್ಟೆಯ ಚಿತ್ರವನ್ನು ಅಚ್ಚುಹಾಕಿತು. ಮುಂದಿನ ಹತ್ತು ಹನ್ನೆರಡು ವರ್ಷ ಪಟ್ಟಣದ ಉತ್ತರಕ್ಕಿರುವ ಕ್ರೇಡಲ್ ಹಿಲ್ ರಾತ್ರಿಯ ಆಕಾಶವೀಕ್ಷಕರ ಠಾಣೆಯಾಯಿತು. ಶಟಲ್‌ವುಡ್ ಮೊದಲು ಸಂಶಯದಿಂದಲೇ ಹೊರಟವರು. ನಂತರ ತಾವೇ ನೂರಾರು ಸಲ ಕಂಡೆನೆಂದು ಹೇಳಿ, 1967ರಿಂದ ಈ ಬಗ್ಗೆ ಹಲವು ಪುಸ್ತಕಗಳನ್ನು ಬರೆದರು. ಅನ್ಯಗ್ರಹದವರು ತಮಗೆ ದೂರವಾಣಿ ಕರೆ ಮಾಡಿದ್ದರೆಂದೂ ಹೇಳಿಕೊಂಡರು. ವರದಿ ಮಾಡುವವನು ಕ್ರಮೇಣ ವರದಿಯೊಳಗಿನ ಪಾತ್ರವಾಗುವ ಈ ಬೆಳವಣಿಗೆಯೇ ಒಂದು ಪ್ರತ್ಯೇಕ ಪ್ರಬಂಧಕ್ಕೆ ಸಾಕು.

ಸ್ವಾನುಭವ ಕಥನ

ಸ್ವೀಡನ್ನಿನ ಜಾನಪದ ವಿದ್ವಾಂಸ ಕಾರ್ಲ್ ವಿಲ್ಹೆಲ್ಮ್ ಫಾನ್ ಸೀಡೋ (ಸಿನಿಮಾ ನಟ ಮ್ಯಾಕ್ಸ್ ಫಾನ್ ಸೀಡೋ ಇವರ ಮಗ) 1934ರಲ್ಲಿ 'ಮೆಮೊರೇಟ್' ಎಂಬ ಪದವನ್ನು ಬಳಕೆಗೆ ತಂದರು. ಒಬ್ಬ ವ್ಯಕ್ತಿ ತನಗೇ ಆದ ಅಲೌಕಿಕ ಅನುಭವವನ್ನು ತಾನೇ ಹೇಳುವುದು ಅದರ ಲಕ್ಷಣ. ನಾನು ಇದನ್ನು ಸ್ವಾನುಭವ ಕಥನ ಎಂದು ಬರೆದುಕೊಂಡಿದ್ದೇನೆ. ಮೂವತ್ತು ವರ್ಷದ ನಂತರ ಫಿನ್ಲೆಂಡಿನ ಲೌರಿ ಹೊಂಕೊ ಇದನ್ನು ಇನ್ನಷ್ಟು ಬಿಡಿಸಿದರು. ಅವರ ಲೇಖನ ಬಂದ ವರ್ಷವೂ 1964 ಎಂಬುದು ಆಕಸ್ಮಿಕ. ಹೊಂಕೊ ಅವರ ಪ್ರಕಾರ ಅನುಭವದ ಮೊದಲ ಕ್ಷಣದಲ್ಲಿ ಸಿಗುವುದು ಆಕಾರವಿಲ್ಲದ, ಹೆಸರಿಲ್ಲದ ಒಂದು ಇರವು ಮಾತ್ರ. ಅದು ಕಣದ ಮನೆಯ ದೈವವೋ ಸತ್ತವರ ಆತ್ಮವೋ ಎಂಬ ತೀರ್ಮಾನ ಆಮೇಲೆ, ಪರಂಪರೆಯ ತಿಳಿವಳಿಕೆಯಿಂದ, ಅನೇಕ ವೇಳೆ ಊರಿನ ಹಿರಿಯರ ಮಾತಿನಿಂದ ಬರುತ್ತದೆ. ನಮ್ಮ ಕಡೆ ಕತ್ತಲಲ್ಲಿ ಚಲಿಸುವ ಬೆಳಕಿಗೆ ಕೊಳ್ಳಿದೆವ್ವ ಎಂಬ ಹೆಸರು ಸಿದ್ಧವಾಗಿದೆ. ಹೆಸರು ಗೊತ್ತಿದ್ದವನಿಗೆ ಬೆಳಕು ಕಂಡ ಕೂಡಲೇ ದೆವ್ವವೂ ಕಾಣುತ್ತದೆ.

ವಾರ್ಮಿನ್‌ಸ್ಟರ್‌ನಲ್ಲಿ ಈ ಹಂತಗಳು ಪತ್ರಿಕೆಯ ಸಂಚಿಕೆಗಳಲ್ಲಿಯೇ ಒಂದಾದ ಮೇಲೊಂದು ಕಾಣಿಸುತ್ತವೆ. ಮೊದಲು ಬರೀ 'ಅದು'; ಆರು ತಿಂಗಳಲ್ಲಿ ಅದಕ್ಕೆ ಆಕಾರ; ವರ್ಷ ಮುಗಿಯುವುದರೊಳಗೆ ತಟ್ಟೆ. ಹಾರುವ ತಟ್ಟೆ ಎಂಬ ಹೆಸರು 1947ರಲ್ಲಿ ಅಮೆರಿಕದಲ್ಲಿ ಹುಟ್ಟಿ ಆಗಲೇ ಪ್ರಪಂಚವೆಲ್ಲ ಹಬ್ಬಿತ್ತು. ಇಲ್ಲಿ ಊರಿನ ಹಿರಿಯರ ಸ್ಥಾನದಲ್ಲಿ ಕುಳಿತದ್ದು ವಾರಪತ್ರಿಕೆ.

ನಾನು ಎಡವಿದ ಮೊದಲ ಜಾಗ: ಕಂಡದ್ದು ಮತ್ತು ಲೆಕ್ಕ ಹಾಕಿದ್ದು

ಪ್ರತ್ಯಕ್ಷದರ್ಶಿ ಹೇಳಿದ್ದರಲ್ಲಿ ಕಂಡದ್ದೆಷ್ಟು, ತೀರ್ಮಾನವೆಷ್ಟು ಎಂದು ಬೇರ್ಪಡಿಸಿ ಎಂದು ಪ್ರಶ್ನೆಯಲ್ಲಿತ್ತು. 'ನೂರು ಮೀಟರ್ ಅಗಲದ ವಸ್ತು ಅಪಾರ ವೇಗದಲ್ಲಿ ಸಾಗಿತು' ಎಂಬಂಥ ಮಾತಿನಲ್ಲಿ ಗಾತ್ರವನ್ನೂ ವೇಗವನ್ನೂ ನಾನು 'ಕಂಡದ್ದು' ಎಂಬ ಕಡೆ ಬರೆದೆ. ಕಣ್ಣಿಗೆ ಗಾತ್ರ ಕಾಣುವುದಿಲ್ಲ ಎಂಬುದನ್ನು ಒಪ್ಪಲು ನನ್ನ ಮನಸ್ಸು ಸುಲಭಕ್ಕೆ ಸಿದ್ಧವಾಗಲಿಲ್ಲ. ಮರದ ಗಾತ್ರ ಕಾಣುತ್ತದೆ, ಮನೆಯ ಗಾತ್ರ ಕಾಣುತ್ತದೆ, ದೀಪದ್ದೇಕೆ ಕಾಣಬಾರದು? ಇದನ್ನು ಇಲ್ಲಿ ನಿಧಾನವಾಗಿ ಬಿಡಿಸುತ್ತೇನೆ; ಗಣಿತ ಚೆನ್ನಾಗಿ ಬಲ್ಲವರು ಮುಂದಿನ ಭಾಗಕ್ಕೆ ಹೋಗಬಹುದು.

ಕಣ್ಣಿಗೆ ಸಿಗುವುದು ಕೋನ ಮಾತ್ರ. ಹುಣ್ಣಿಮೆಯ ಚಂದ್ರ ನಮ್ಮ ಕಣ್ಣಲ್ಲಿ ಅರ್ಧ ಡಿಗ್ರಿಯಷ್ಟು ಜಾಗ ಹಿಡಿಯುತ್ತಾನೆ. ಕೈಯನ್ನು ಪೂರ್ತಿ ಚಾಚಿ ಕಿರುಬೆರಳನ್ನು ನೆಟ್ಟಗೆ ಹಿಡಿದರೆ ಅದರ ಅಗಲ ಸುಮಾರು ಒಂದು ಡಿಗ್ರಿ. ಅಂದರೆ ಚಂದ್ರ ಕಿರುಬೆರಳಿನ ಅರ್ಧದಷ್ಟೇ. ಇದನ್ನು ಓದಿ ನಂಬದೆ ನಾನು ಮಹಡಿಯ ಮೇಲೆ ಹೋಗಿ, ಒಂದು ಕಣ್ಣು ಮುಚ್ಚಿ, ಬೆರಳು ಹಿಡಿದು ನೋಡಿದೆ. ಅಷ್ಟು ದೊಡ್ಡ ಚಂದ್ರ ಉಗುರಿನ ಹಿಂದೆ ಪೂರ್ತಿ ಅಡಗಿ, ಇಕ್ಕೆಲದಲ್ಲಿ ಜಾಗ ಉಳಿಯಿತು. ಕೋನದಿಂದ ಗಾತ್ರಕ್ಕೆ ಹೋಗಬೇಕಾದರೆ ದೂರ ತಿಳಿದಿರಬೇಕು. ಅದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸುಲಭ ದಾರಿಯಿದೆ, ಅದನ್ನು ಐವತ್ತೇಳರ ಲೆಕ್ಕ ಎಂದು ಕರೆದುಕೊಂಡಿದ್ದೇನೆ: ದೂರವನ್ನು ಡಿಗ್ರಿಯಿಂದ ಗುಣಿಸಿ 57ರಿಂದ ಭಾಗಿಸಿದರೆ ಗಾತ್ರ ಬರುತ್ತದೆ. ಚಿಕ್ಕ ಕೋನಗಳಿಗೆ ಇದು ಸಾಕಷ್ಟು ನಿಖರ.

ಈಗ ಕ್ರೇಡಲ್ ಹಿಲ್ ಮೇಲೆ ನಿಂತವನಿಗೆ ಅರ್ಧ ಡಿಗ್ರಿ ಅಗಲದ ಬಿಳಿಯ ಆಕಾರವೊಂದು ಕಂಡಿತೆನ್ನಿ. ಅದು 114 ಮೀಟರ್ ದೂರದಲ್ಲಿದ್ದರೆ ಅದರ ಅಗಲ 1 ಮೀಟರ್, ಅಂದರೆ ರೆಕ್ಕೆ ಬಿಚ್ಚಿದ ಗೂಬೆಯ ಆಸುಪಾಸು. 1,140 ಮೀಟರ್ ದೂರದಲ್ಲಿದ್ದರೆ ಅಗಲ 10 ಮೀಟರ್, ಒಂದು ಚಿಕ್ಕ ವಿಮಾನ. 11,400 ಮೀಟರ್ ದೂರದಲ್ಲಿದ್ದರೆ ಅಗಲ 100 ಮೀಟರ್; ಆ ಕಾಲದ ಯಾವ ವಿಮಾನವೂ ಅಷ್ಟು ಅಗಲವಿರಲಿಲ್ಲ. ಅದೇ ಆಕಾರ ಎರಡು ಸೆಕೆಂಡಿನಲ್ಲಿ 10 ಡಿಗ್ರಿ ಸರಿಯಿತೆನ್ನಿ. ಮೊದಲನೆಯದಕ್ಕೆ ಅದು 20 ಮೀಟರ್ ಹಾದಿ, ವೇಗ ಗಂಟೆಗೆ 36 ಕಿಲೋಮೀಟರ್, ಹಕ್ಕಿ ಹಾರುವಷ್ಟು. ಕೊನೆಯದಕ್ಕೆ ಅದು 2,000 ಮೀಟರ್ ಹಾದಿ, ವೇಗ ಗಂಟೆಗೆ 3,600 ಕಿಲೋಮೀಟರ್. ಶಬ್ದದ ಸುಮಾರು ಮೂರು ಪಟ್ಟು. ಕಣ್ಣೊಳಗೆ ಬಿದ್ದ ಚಿತ್ರದಲ್ಲಿ ಈ ಮೂರಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮರ, ಮನೆಗಳ ಗಾತ್ರ ನಮಗೆ 'ಕಾಣುವುದು' ಅವು ಮರ, ಮನೆ ಎಂದು ಮೊದಲೇ ಗೊತ್ತಿರುವುದರಿಂದ, ಮತ್ತು ನಡುವಿನ ನೆಲ ಕಾಣುವುದರಿಂದ. ಕತ್ತಲ ಆಕಾಶದಲ್ಲಿ ಎರಡೂ ಇಲ್ಲ. ಆದ್ದರಿಂದ ದೂರವನ್ನು ಒದಗಿಸುವುದು ನೋಡುವವನ ಊಹೆ. ಆ ಊಹೆಯನ್ನು ಒದಗಿಸುವುದು ಅವನು ಏನನ್ನು ಕಾಯುತ್ತ ನಿಂತಿದ್ದಾನೆ ಎಂಬುದು. ಗೂಬೆಯನ್ನು ಕಾಯುತ್ತಿದ್ದವನಿಗೆ ಗೂಬೆ, ತಟ್ಟೆಯನ್ನು ಕಾಯುತ್ತಿದ್ದವನಿಗೆ ತಟ್ಟೆ. ಐತಿಹ್ಯ ಕಣ್ಣಿನೊಳಗೆ ಹೊಕ್ಕುವ ಬಾಗಿಲು ಇದೇ ಎಂದು ನಾನೀಗ ಬರೆಯುತ್ತೇನೆ.

ಸಾಲಿಸ್‌ಬರಿ ಬಯಲಿನಲ್ಲಿ ಸೇನೆ ಹಾರಿಸುವ ಪ್ಯಾರಾಷೂಟ್ ಬೆಳಕುಗುಂಡುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅವು ಮೆಗ್ನೀಸಿಯಂ ಉರಿಯುತ್ತ, ಗಾಳಿಯಲ್ಲಿ ತೂಗುತ್ತ ನಿಧಾನವಾಗಿ ಇಳಿಯುತ್ತವೆ, ಮದ್ದು ಮುಗಿದೊಡನೆ ಫಕ್ಕನೆ ಆರುತ್ತವೆ. ಅದು ಏನೆಂದು ತಿಳಿಯದವನು 'ಒಂದು ಕಡೆ ತೇಲುತ್ತ ನಿಂತಿತ್ತು, ಕಣ್ಣೆದುರೇ ಮಾಯವಾಯಿತು' ಎಂದರೆ ಅವನು ಸುಳ್ಳಾಡುತ್ತಿಲ್ಲ.

ಇನ್ನೊಂದು ಸಂಗತಿಯನ್ನು ಇದರೊಡನೆ ಸೇರಿಸಿ ಓದಬೇಕು. ಕತ್ತಲಲ್ಲಿ ಕದಲದೆ ಇರುವ ಒಂಟಿ ಬೆಳಕಿನ ಚುಕ್ಕಿಯನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ತಾನಾಗಿ ಚಲಿಸಿದಂತೆ ತೋರುತ್ತದೆ. ಮನಶ್ಶಾಸ್ತ್ರದವರು ಇದನ್ನು ಆಟೊಕೈನೆಟಿಕ್ ಪರಿಣಾಮ ಎನ್ನುತ್ತಾರೆ. ನಾನು ಕೋಣೆಯ ಕಿಟಕಿಗೆ ಹೊದಿಕೆ ಕಟ್ಟಿ, ಬಾಗಿಲಿನ ಸಂದಿಗೆ ಟವೆಲ್ ಒತ್ತಿ, ಚಾರ್ಜರಿನ ಕೆಂಪು ದೀಪವೊಂದನ್ನೇ ಉಳಿಸಿಕೊಂಡು ಕುಳಿತೆ. ಅರೆ ನಿಮಿಷವಾಗುವುದರೊಳಗೆ ದೀಪ ಎಡಕ್ಕೆ ಜಾರಿತು, ಸ್ವಲ್ಪ ಹೊತ್ತು ನಿಂತು ಮೇಲಕ್ಕೆ ಹೋಯಿತು. ಅದು ಗೋಡೆಯ ಪ್ಲಗ್ಗಿನಲ್ಲಿ ಸಿಕ್ಕಿಸಿದ ಚಾರ್ಜರ್ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರೂ ಹೋಯಿತು. 1935ರಲ್ಲಿ ಮುಜಫರ್ ಶೆರಿಫ್ ಎಂಬ ಮನೋವಿಜ್ಞಾನಿ ಇದನ್ನೇ ಪ್ರಯೋಗಕ್ಕೆ ಬಳಸಿದರು. ಚುಕ್ಕಿ ಎಷ್ಟು ಸರಿಯಿತೆಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಉತ್ತರ. ಗುಂಪಿನಲ್ಲಿ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಉತ್ತರಗಳು ಒಂದಕ್ಕೊಂದು ಹತ್ತಿರ ಬಂದವು. ಬೆಟ್ಟದ ಮೇಲೆ ಮೂವತ್ತು ಜನ ಒಟ್ಟಿಗೆ ನಿಂತು, ಅಗೋ ಸರಿಯಿತು, ಅಗೋ ನಿಂತಿತು ಎಂದುಕೊಳ್ಳುವ ರಾತ್ರಿಗೂ ಈ ಪ್ರಯೋಗಕ್ಕೂ ಬಹಳ ದೂರವಿಲ್ಲ. ಮೂವತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರು ಎಂಬುದನ್ನು ಮೂವತ್ತು ಪಟ್ಟು ಪುರಾವೆಯೆಂದು ಎಣಿಸಬಾರದು.

ಎರಡನೆಯ ಜಾಗ: 1970ರ ನೇರಳೆ ದೀಪ

ಕೆಂಪು ಶಾಯಿಯ 'ಯಾರಿಗೆ?' ಎಂಬುದು ಹೆಚ್ಚಾಗಿ ಬಿದ್ದಿದ್ದದ್ದು ಈ ಭಾಗದಲ್ಲಿ. ಲಿಂಡಾ ಡೇಗ್ ಮತ್ತು ಆಂಡ್ರ್ಯೂ ವಾಜೊನಿ 1983ರ ಲೇಖನದಲ್ಲಿ 'ಆಸ್ಟೆನ್ಶನ್' ಎಂಬ ಪರಿಕಲ್ಪನೆಯನ್ನು ಜಾನಪದಕ್ಕೆ ತಂದರು. ಐತಿಹ್ಯವನ್ನು ಬಾಯಲ್ಲಿ ಹೇಳುವ ಬದಲು ಮಾಡಿ ತೋರಿಸುವುದು ಎಂದು ಇದರ ಸ್ಥೂಲ ಅರ್ಥ. ಇದರಲ್ಲಿ ಎರಡು ಉಪವಿಧಗಳು ನನ್ನನ್ನು ಕಾಡಿದವು. ಐತಿಹ್ಯಕ್ಕೆ ಹೊಂದುವಂತೆ ಬೇಕೆಂದೇ ನಾಟಕ ಹೂಡುವುದು ಸ್ಯೂಡೊ. ತಾನಾಗಿ ನಡೆದ ಸಂಗತಿಯನ್ನು ಐತಿಹ್ಯದ ಕಣ್ಣಿನಿಂದ ನೋಡಿ ತಪ್ಪಾಗಿ ಗುರುತಿಸುವುದು ಕ್ವಾಸಿ. ಎರಡೂ ಪದಗಳಿಗೆ ಕನ್ನಡದಲ್ಲಿ 'ಹುಸಿ', 'ಅರೆ', 'ಮಿಥ್ಯಾ' ಎಂದೆಲ್ಲ ಬರೆದುಕೊಂಡು ನಾನು ಗೊಂದಲವನ್ನು ಇಮ್ಮಡಿ ಮಾಡಿಕೊಂಡೆ. ಈಗ ಹೂಟ, ತಪ್ಪುಗುರುತು ಎಂದು ಎರಡೇ ಪದ ಇಟ್ಟುಕೊಂಡಿದ್ದೇನೆ. ದೀಪ ಹಿಡಿದವನೊಬ್ಬ ಇದ್ದರೆ ಹೂಟ, ಇಲ್ಲದಿದ್ದರೆ ತಪ್ಪುಗುರುತು. ಈ ಕೀಲಿ ಬಹುಪಾಲು ಬೀಗಗಳಿಗೆ ಹೊಂದುತ್ತದೆ, ಆದರೆ ಮುಂದಿನ ಪ್ರಕರಣದಲ್ಲಿ ಇದೇ ನನ್ನನ್ನು ಬೀಳಿಸಿತು.

1970ರ ಮಾರ್ಚ್ 28, ಶನಿವಾರ, ಈಸ್ಟರ್ ಹಿಂದಿನ ರಾತ್ರಿ, ಕ್ರೇಡಲ್ ಹಿಲ್ ಮೇಲೆ ಸುಮಾರು ಮೂವತ್ತು ವೀಕ್ಷಕರಿದ್ದರು. ಹನ್ನೊಂದು ಗಂಟೆಗೆ ಎದುರಿನ ಬೆಟ್ಟದ ಕಡೆ ಒಂದು ನೇರಳೆ ಬೆಳಕು ಹೊತ್ತಿ 5 ಸೆಕೆಂಡ್ ಉರಿಯಿತು, 5 ಸೆಕೆಂಡ್ ಆರಿತು, ಮತ್ತೆ 25 ಸೆಕೆಂಡ್ ಉರಿಯಿತು. ಎರಡನೆಯ ಸಲ ಹೊತ್ತಿದಾಗ ವೀಕ್ಷಕರ ನಡುವಿದ್ದ ಒಬ್ಬನ ಕಾಂತಕ್ಷೇತ್ರ ಸೂಚಕ (ಸುತ್ತಲಿನ ಕಾಂತಶಕ್ತಿ ಬದಲಾದರೆ ಎಚ್ಚರಿಸುವ ಉಪಕರಣ) ಸದ್ದು ಮಾಡಿತು. ಇನ್ನೊಬ್ಬ ಕ್ಯಾಮೆರಾದಲ್ಲಿ ಚಿತ್ರ ತೆಗೆದ. ಇದೆಲ್ಲವೂ ಡೇವಿಡ್ ಸಿಂಪ್ಸನ್ ಎಂಬ ಭೌತವಿಜ್ಞಾನಿ ಮತ್ತು ಅವರ ಸಂಗಡಿಗರು ಹೂಡಿದ ಪ್ರಯೋಗ. ಬೆಳಕು ಮುಕ್ಕಾಲು ಮೈಲಿ, ಅಂದರೆ 1.2 ಕಿಲೋಮೀಟರ್ ದೂರದಿಂದ ಬಿಟ್ಟ ದೀಪದ್ದು, ಸೂಚಕ ನಕಲಿ, ಕ್ಯಾಮೆರಾದ ಫಿಲ್ಮಿನಲ್ಲಿ ಮೊದಲ ಎರಡು ಚೌಕಗಳ ಮೇಲೆ ಹಾರುವ ವಸ್ತುವಿನ ಬಿಂಬವನ್ನು ಬಹಳ ಮೊದಲೇ ಮೂಡಿಸಿಡಲಾಗಿತ್ತು, ಅಂದಿನ ರಾತ್ರಿ ತೆಗೆದದ್ದು ನಂತರದ ಎರಡು ಮಾತ್ರ. ತನಿಖೆ ಮಾಡುವವರು ಎಷ್ಟು ಎಚ್ಚರದಿಂದ ಮಾಡುತ್ತಾರೆ ಎಂದು ಅಳೆಯುವುದು ಅವರ ಉದ್ದೇಶವಾಗಿತ್ತು. ಈ ಕ್ಷೇತ್ರದ ಪ್ರಮುಖ ಪತ್ರಿಕೆ ಫ್ಲೈಯಿಂಗ್ ಸಾಸರ್ ರಿವ್ಯೂ ಆ ಚಿತ್ರಗಳನ್ನು ಅಚ್ಚುಹಾಕಿ ಚರ್ಚಿಸಿತು. ಒಬ್ಬ ಫ್ರೆಂಚ್ ಖಗೋಳವಿಜ್ಞಾನಿ ಅವು ನಕಲಿಯಲ್ಲ ಎಂಬ ಅಭಿಪ್ರಾಯ ಕೊಟ್ಟರು. ಮೊದಲೇ ಮೂಡಿಸಿದ ಬಿಂಬಗಳಿಗೂ ಜನ ಅಂದು ಕಂಡ ಬೆಳಕಿಗೂ ಹೊಂದಾಣಿಕೆಯಿರಲಿಲ್ಲ. ಆದರೂ ಗುಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ತಾನಾಗಿ ಹೊರಬೀಳಲಿಲ್ಲ. ಕಡೆಗೆ ಹೂಡಿದವರೇ ಹೇಳಬೇಕಾಯಿತು.

ಇಲ್ಲಿ ಐವತ್ತೇಳರ ಲೆಕ್ಕವನ್ನು ಒಮ್ಮೆ ಬಳಸದೆ ಇರಲಾರೆ. ಮನುಷ್ಯನ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಚಿಕ್ಕದರ ಆಕಾರವನ್ನು ಗುರುತಿಸಲಾರದು. 1,200 ಮೀಟರ್ ದೂರಕ್ಕೆ ಅದು ಸುಮಾರು 35 ಸೆಂಟಿಮೀಟರ್ ಆಗುತ್ತದೆ. ದೀಪದ ಮುಖ ಒಂದು ಗೇಣಿನಷ್ಟು ಎಂದುಕೊಂಡರೆ ಅದು ಬರೀ ಚುಕ್ಕಿಯಾಗಿ ಕಾಣಬೇಕು. ಅಂಥ ಬೆಳಕಿಗೆ ಯಾರಾದರೂ ಅಂಚು, ಅಗಲ, ಆಕಾರ ಹೇಳಿದರೆ ಅದು ಕಣ್ಣಿನಿಂದ ಬಂದದ್ದಲ್ಲ.

ನಾನು ಉತ್ತರದಲ್ಲಿ ಬರೆದದ್ದು: 'ಇದು ಹೂಟ, ಆದ್ದರಿಂದ ವೀಕ್ಷಕರ ಹೇಳಿಕೆಗಳು ಐತಿಹ್ಯದ ಅಧ್ಯಯನಕ್ಕೆ ಬರುವುದಿಲ್ಲ.' ಅಂಚಿನಲ್ಲಿ 'ಯಾರಿಗೆ?' ಇದು ಹೂಟ ನಿಜ. ಆದರೆ ಯಾರಿಗೆ ಹೂಟ? ಎದುರು ಬೆಟ್ಟದಲ್ಲಿ ಗುಂಡಿಯೊತ್ತಿದವನಿಗೆ ಹೂಟ. ಕ್ರೇಡಲ್ ಹಿಲ್ ಮೇಲೆ ಚಳಿಯಲ್ಲಿ ನಿಂತು, ಎದೆ ಬಡಿದುಕೊಳ್ಳುತ್ತ ಆ 25 ಸೆಕೆಂಡುಗಳನ್ನು ಕಳೆದು, ಮನೆಗೆ ಹೋಗಿ ಅದನ್ನು ಹೇಳಿದವನಿಗೆ ಅದು ಸ್ವಾನುಭವ ಕಥನ. ಹೊಂಕೊ ವಿವರಿಸಿದ ಎಲ್ಲ ಹಂತಗಳೂ ಅವನಲ್ಲಿ ನಡೆದಿವೆ, ಅವನು ಕಂಡದ್ದನ್ನೇ ಹೇಳುತ್ತಿದ್ದಾನೆ. ಅವನ ಮಾತು ಕೇಳಿ ಮುಂದಿನ ವಾರ ಬೆಟ್ಟ ಹತ್ತಿ, ಸೇನೆಯ ಬೆಳಕುಗುಂಡು ನೋಡಿ, ಇದೂ ಅದೇ ಎಂದುಕೊಂಡವನಿಗೆ ಅದು ತಪ್ಪುಗುರುತು. ದೀಪ ಒಂದೇ; ಅದರಿಂದ ಹೊರಟ ಎಳೆಗಳು ಮೂರು, ಮೂರಕ್ಕೂ ಹೆಸರು ಬೇರೆ. ನಾನು ಹೆಸರಿನ ಚೀಟಿಯನ್ನು ದೀಪಕ್ಕೆ ಅಂಟಿಸಲು ಹೋಗಿದ್ದೆ. ಅದನ್ನು ಅಂಟಿಸಬೇಕಾದದ್ದು ಹೇಳುವವನಿಗೂ ಅವನು ಹೇಳಿದ್ದಕ್ಕೂ ಇರುವ ಸಂಬಂಧಕ್ಕೆ.

ಇದು ಒಮ್ಮೆ ಹಿಡಿತಕ್ಕೆ ಸಿಕ್ಕಿದ ಮೇಲೆ 'ಅದು ನಿಜವೇ ಸುಳ್ಳೇ' ಎಂಬ ಪ್ರಶ್ನೆ ಉತ್ತರದ ಮಧ್ಯದಿಂದ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜಾನಪದದವರಿಗೆ ಸತ್ಯ ಬೇಕಿಲ್ಲ ಎಂದು ನಮ್ಮ ತರಗತಿಯಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ, ಅದು ನನಗೆ ಒಪ್ಪಿಗೆಯಿಲ್ಲ. ಗುಂಡಿಯೊತ್ತಿದವನು ಇದ್ದನೆಂಬ ಸತ್ಯ ತಿಳಿಯದಿದ್ದರೆ ಮೂರು ಎಳೆಗಳನ್ನು ಬಿಡಿಸುವುದೇ ಸಾಧ್ಯವಾಗುತ್ತಿರಲಿಲ್ಲ.

ಬಾಗಿದ ಪೈರು

ಇದೇ ಕ್ರಮವನ್ನು ಇನ್ನೊಂದು ಪ್ರಕರಣಕ್ಕೆ ಹಚ್ಚಿ ನೋಡಿದೆ. 1980ರ ಆಗಸ್ಟ್‌ನಲ್ಲಿ ವಾರ್ಮಿನ್‌ಸ್ಟರ್‌ನಿಂದ ಹೆಚ್ಚು ದೂರವಿಲ್ಲದ ಬ್ರ್ಯಾಟನ್ ಬಳಿ, ವೆಸ್ಟ್‌ಬರಿಯ ಬಿಳಿ ಕುದುರೆ ಚಿತ್ರವಿರುವ ಬೆಟ್ಟದ ಬುಡದ ಓಟ್ಸ್ ಹೊಲದಲ್ಲಿ ಪೈರು ವೃತ್ತಾಕಾರವಾಗಿ ನೆಲಕ್ಕೆ ಮಲಗಿದ್ದ ಚಿತ್ರಗಳು ಸ್ಥಳೀಯ ಪತ್ರಿಕೆಯಲ್ಲಿ ಬಂದವು. ತಟ್ಟೆ ಇಳಿದ ಗುರುತು ಎಂಬ ಮಾತು ಹಬ್ಬಲು ಹೊತ್ತು ಹಿಡಿಯಲಿಲ್ಲ. ಆ ಸೀಮೆಯಲ್ಲಿ ಮಾತು ಹದಿನೈದು ವರ್ಷದಿಂದ ಸಿದ್ಧವಾಗಿ ಕಾದಿತ್ತು. 1991ರಲ್ಲಿ ಡಗ್ ಬೋವರ್ ಮತ್ತು ಡೇವ್ ಚೋರ್ಲಿ ಎಂಬ ಇಬ್ಬರು, 1970ರ ದಶಕದ ಕೊನೆಯಿಂದ ದಕ್ಷಿಣ ಇಂಗ್ಲೆಂಡಿನ ಹೊಲಗಳಲ್ಲಿ ಹಲಗೆ, ಹಗ್ಗ ಹಿಡಿದು ಇಂಥ ವೃತ್ತಗಳನ್ನು ಮಾಡುತ್ತ ಬಂದವರು ತಾವೇ ಎಂದು ಬಹಿರಂಗಪಡಿಸಿದರು. ಹಲಗೆ ಹಿಡಿದವರಿಗೆ ಅದು ಹೂಟ. ಬೇಲಿಯಾಚೆ ನಿಂತು ತಟ್ಟೆ ಇಳಿದ ಜಾಗ ಕಂಡೆನೆಂದವರಿಗೆ ಸ್ವಾನುಭವ ಕಥನ. ಮಳೆಗಾಳಿಗೆ ಮಲಗಿದ ಪೈರನ್ನು ನೋಡಿ ಹಾಗೆಂದವರಿಗೆ ತಪ್ಪುಗುರುತು. ಹೊಲದ ಒಡೆಯನ ಹೆಸರಿನ ಮುಂದೆ ನಾನು ಏನನ್ನೂ ಬರೆಯದೆ ಬಿಟ್ಟಿದ್ದೇನೆ. ಮಲಗಿದ ಓಟ್ಸನ್ನು ಕೊಯ್ಲು ಯಂತ್ರಕ್ಕೆ ಸಿಕ್ಕಿಸುವುದು ಹೇಗೆ ಎಂಬುದಷ್ಟೇ ಅವನ ಮುಂದಿದ್ದ ಪ್ರಶ್ನೆಯಾಗಿದ್ದರೆ, ಅವನಿಗೆ ಈ ಘಟಕದಲ್ಲಿ ಹೆಸರಿಲ್ಲ.